ಲಗ್ನದ ಸೀಸನ್‌ನಲ್ಲಿ ಡಿಟಿಪಿ ಮಷೀನ್‌ಗೆ ಹೊಸ ವಿಂಡೋಸ್ ಹಾಕಿಸ್ಬೇಡಿ, ನಾನು ಹಾಕ್ಸಿ ಕೈ ಸುಟ್ಕೊಂಡೆ

ಇವತ್ತಿಗೂ ಪೇಜ್‌ಮೇಕರ್ (ಪುಟ ಜೋಡಿಸೋ ಹಳೇ ಸಾಫ್ಟ್‌ವೇರ್) ಮತ್ತೆ ಹಳೇ ನುಡಿ (ಕನ್ನಡ ಟೈಪಿಂಗ್ ಸಾಫ್ಟ್‌ವೇರ್) ಫಾಂಟ್ ನಂಬ್ಕೊಂಡು ಹೊಟ್ಟೆ ಹೊರ್ಕೊಳ್ತಿರೋ ಡಿಟಿಪಿಯವರು (ಕಂಪ್ಯೂಟರಲ್ಲಿ ಅಚ್ಚಿನ ಪುಟ ತಯಾರಿಸೋರು), ಸಣ್ಣ ಪ್ರೆಸ್ಸಿನವರು, ತಾಲ್ಲೂಕು ಆಫೀಸ್ ಎದುರು ಟೈಪಿಂಗ್ ಅಂಗಡಿ ಇಟ್ಕೊಂಡಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ಸ್ವಲ್ಪ ಉದ್ದ ಆಯ್ತು, ಏನ್ ಮಾಡೋದು, ಆದ ಅವಾಂತರಾನೂ ಅಷ್ಟೇ ಉದ್ದ ಇತ್ತು.

ನಮ್ಮದು ತಿಪಟೂರು ಕಡೆ ಒಂದು ಪುಟ್ಟ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಜಾತ್ರೆ ಕರಪತ್ರ, ಬಿಲ್ ಬುಕ್ಕು, ವರ್ಷಕ್ಕೊಂದ್ಸಲ ಡೈರಿ ಸೊಸೈಟಿಗಳ ವಾರ್ಷಿಕ ವರದಿ, ಇಷ್ಟೇ ವ್ಯಾಪಾರ. ಮಷೀನು 2013ರಲ್ಲಿ ತಗೊಂಡ ಐ3, 4 ಜಿಬಿ ರ‍್ಯಾಮ್, ಮೊದಲು ವಿಂಡೋಸ್ 7 ಇತ್ತು, 2016ರಲ್ಲಿ ಫ್ರೀ ಅಪ್‌ಗ್ರೇಡ್ ಕೊಟ್ಟಿದ್ರಲ್ಲ ಆವಾಗ 10 ಹಾಕೊಂಡಿದ್ದೆ. ಆವತ್ತು ಏನೂ ತೊಂದ್ರೆ ಆಗಿರ್ಲಿಲ್ಲ, ರಾತ್ರಿ ಹಾಕಿ ಮಲಗಿದ್ದೆ, ಬೆಳಿಗ್ಗೆ ಬಂದು ನೋಡಿದ್ರೆ ಪೇಜ್‌ಮೇಕರ್ ಇತ್ತು, ನುಡಿ ಇತ್ತು, ಪ್ರಿಂಟರ್ ಓಡ್ತಿತ್ತು. ಆ ಒಂದು ಅನುಭವವೇ ನನ್ನ ತಲೆ ಕೆಡ್ಸಿದ್ದು. ಈ ಸಲ ವಿಂಡೋಸ್ 11 ಹಾಕ್ಸುವಾಗ್ಲೂ ಹಂಗೇ ಅನ್ಕೊಂಡ್‌ಬಿಟ್ಟೆ.

ವಿಂಡೋಸ್‌ನಲ್ಲಿ 32 ಬಿಟ್, 64 ಬಿಟ್ ಅಂತ ಎರಡು ಜಾತಿ. ನಾನು ಗಮನಿಸದೇ ಹೋಗಿದ್ದು ಏನಂದ್ರೆ ನನ್ನ 7 ಕೂಡ 32 ಬಿಟ್‌ದು, ಅದರ ಮೇಲೆ ಬಂದ 10 ಕೂಡ 32 ಬಿಟ್‌ದು. ವಿಂಡೋಸ್ 11ರಲ್ಲಿ 32 ಬಿಟ್ ಅನ್ನೋದೇ ಇಲ್ಲ, ಬರೀ 64. ಹಾಗಾಗಿ ಇದು ಹಳೇ ಮನೆಗೆ ಸುಣ್ಣ ಬಣ್ಣ ಹೊಡೆದಂಗಲ್ಲ, ಮನೆ ಪೂರ್ತಿ ಕೆಡವಿ ಕಟ್ಟಿದಂಗೆ. 32ರ ಮೇಲೆ 64 ನೇರವಾಗಿ ಕೂರಲ್ಲ, ಮೊದಲಿಂದ ಹೊಸದಾಗಿ ಇನ್‌ಸ್ಟಾಲ್ ಮಾಡ್ಲೇಬೇಕು. ಇದು ಗೊತ್ತಿದ್ದಿದ್ರೆ ಈ ಬರಹ ಬರೆಯೋ ಗತಿ ಬರ್ತಿರ್ಲಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಪೋರ್ಟ್ ನಿಂತ್ಹೋಗುತ್ತೆ ಅಂತ ಸ್ಕ್ರೀನ್ ತುಂಬಾ ಬರ್ತಿತ್ತಲ್ಲ, ಅದನ್ನ ನೋಡಿ ನೋಡಿ ಭಯ ಹತ್ಕೊಂಡಿತ್ತು. ಕಂಪ್ಯೂಟರ್ ರಿಪೇರಿ ಹುಡುಗ ಒಬ್ಬ ಇದ್ದಾನೆ, ಹೆಸರು ಬೇಡ, ಒಳ್ಳೇ ಹುಡುಗಾನೇ. ಅವನಂದ, "ಸಾರ್ ಈ ಮಷೀನ್ 11ಕ್ಕೆ ಲೆಕ್ಕದ ಪ್ರಕಾರ ಆಗಲ್ಲ, ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಕೇಳುತ್ತೆ, 8ನೇ ಜನರೇಷನ್ ಪ್ರೊಸೆಸರ್ ಕೇಳುತ್ತೆ, ಆದ್ರೆ ನನ್ ಹತ್ರ ಅದನ್ನ ಬೈಪಾಸ್ ಮಾಡೋ ಪೆನ್‌ಡ್ರೈವ್ ಇದೆ, ಒಂದೂವರೆ ಗಂಟೆ ಕೆಲಸ, ಇಷ್ಟ ಆಗ್ಲಿಲ್ಲ ಅಂದ್ರೆ 10 ದಿನದೊಳಗೆ ವಾಪಸ್ ಹಳೇದಕ್ಕೆ ಹೋಗ್ಬಹುದು". ಹತ್ತು ದಿನದ ಮಾತು ಕೇಳಿ ನಾನು ಹೂಂ ಅಂದೆ. ದೀಪಾವಳಿ ಮುಗಿದಿತ್ತು, ತುಳಸಿ ಹಬ್ಬ ಆದ್ಮೇಲೆ ಲಗ್ನಗಳ ಸಾಲು, ಕೈಯಲ್ಲಿ 14 ಕಾರ್ಡಿನ ಆರ್ಡರ್ ಇತ್ತು. ಆಯುಧಪೂಜೆಗೆ ಇಟ್ಟ ಕುಂಕುಮ ಇನ್ನೂ ಸಿಪಿಯು ಡಬ್ಬದ ಮೇಲೆ ಹಂಗೇ ಇತ್ತು. ಬೇಲಿ ಮೇಲೆ ಹೋಗ್ತಿದ್ದ ಓತಿಕ್ಯಾತನ್ನ ಎತ್ತಿ ಕಿವಿಗೆ ಬಿಟ್ಕೊಳ್ಳೋದು ಅಂದ್ರೆ ಇದೇ ಕಣ್ರೀ.

ಆ ಹತ್ತು ದಿನದ ಕಥೆ ಮೊದ್ಲು ಹೇಳ್ಬಿಡ್ತೀನಿ. ವಾಪಸ್ ಹೋಗೋ ಸೌಲಭ್ಯ ಇರೋದು ನಿಜ, ಆದ್ರೆ ಅದು ಹಳೇದರ ಮೇಲೇ ಅಪ್‌ಗ್ರೇಡ್ ಮಾಡಿದಾಗ ಮಾತ್ರ, ಹಳೇ ಫೈಲುಗಳನ್ನೆಲ್ಲ ಒಂದು ಫೋಲ್ಡರಲ್ಲಿ ಎತ್ತಿಟ್ಟಿರುತ್ತೆ. ನಮ್ಮದ್ರಲ್ಲಿ ಸಿ ಡ್ರೈವ್ ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕಿದ್ದು, ವಾಪಸ್ ಹೋಗೋದಕ್ಕೆ ಹಿಂದೆ ಏನಾದ್ರೂ ಇದ್ರೆ ತಾನೆ. ಸೆಟ್ಟಿಂಗ್ಸ್ ಒಳಗೆ ಹುಡುಕಿದ್ರೆ ಆ ಬಟನ್ನು ಮಸುಕಾಗಿ ಕೂತಿತ್ತು, ಒತ್ತಿದ್ರೆ ಒತ್ತಲ್ಲ.

ಬ್ಯಾಕಪ್ ತಗೊಂಡಿದ್ದೆ ರೀ, ಅಷ್ಟು ದಡ್ಡ ಅಲ್ಲ. ಡಿ ಡ್ರೈವ್ ಪೂರ್ತಿ, ಡೆಸ್ಕ್‌ಟಾಪು, ಡಾಕ್ಯುಮೆಂಟ್ಸು, ಹನ್ನೆರಡು ವರ್ಷದ ಪೇಜ್‌ಮೇಕರ್ ಫೈಲು ಎಲ್ಲಾ. ತಗೊಳ್ದೇ ಇದ್ದಿದ್ದು ಒಂದೇ ಒಂದು: ಫಾಂಟ್ಸ್ ಫೋಲ್ಡರ್. ಅದು ಸಿ ಡ್ರೈವಿನ ವಿಂಡೋಸ್ ಫೋಲ್ಡರ್ ಒಳಗಡೆ ಇರುತ್ತೆ, ಯಾರೂ ಆ ಕಡೆ ತಲೆ ಹಾಕಿ ನೋಡಲ್ಲ. ಸಂಜೆ ಪೇಜ್‌ಮೇಕರ್ ಹಾಕಿ ಮೊದಲನೇ ಫೈಲ್ ಓಪನ್ ಮಾಡಿದ ತಕ್ಷಣ ಆ ಪ್ಯಾನೋಸ್ ಡಬ್ಬ ಬಂತು, ಈ ಫಾಂಟಿಲ್ಲ ಆ ಫಾಂಟಿಲ್ಲ ಬದಲಿಗೆ ಇದು ಹಾಕ್ತೀನಿ ಅಂತ ಪಟ್ಟಿ. ಓಕೆ ಕೊಟ್ಟು ಒಳಗೆ ಹೋದ್ರೆ ಕನ್ನಡ ಅನ್ನೋ ಪದ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಗೀಟು ಹಾಕಿರೋ ಎ, ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್‌ದೇನೋ ಒಂದಕ್ಷರ, ಕ್ಯೂ, ಇನ್ನೊಂದು ಎ. ಈ ಕಸುಬಲ್ಲಿರೋರಿಗೆ ಇದು ಹೊಸದೇನಲ್ಲ. ಹಳೇ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೇಲಿ ಕನ್ನಡದ ಚೂರುಗಳನ್ನ ಕೂರ್ಸಿರೋವು, ಫಾಂಟ್ ಹೋದ್ರೆ ಮನೆ ಓನರ್ ಹೊರಗೆ ಬರ್ತಾನೆ ಅಷ್ಟೇ. ಆದ್ರೆ 14 ಲಗ್ನಪತ್ರಿಕೆ ಹಂಗೆ ಕಂಡಾಗ ಹೊಟ್ಟೆಯೊಳಗೆ ಏನೋ ಕಲಸ್ದಂಗಾಗುತ್ತೆ.

ನುಡಿ ಮಾಮೂಲು ಫಾಂಟುಗಳು ಅರಸೀಕೆರೆಯ ನನ್ನ ಸ್ನೇಹಿತನ ಪ್ರೆಸ್ಸಿಂದ ಪೆನ್‌ಡ್ರೈವಲ್ಲಿ ಬಂದ್ವು, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳ್ಸಿದ. ಆದ್ರೆ ಹೆಡ್ಡಿಂಗಿಗೆ ಹಾಕೋ ಡಿಸೈನ್ ಫಾಂಟುಗಳಿದ್ವಲ್ಲ, ಅವು ಬೇರೆ ಪ್ಯಾಕೇಜು, ದುಡ್ಡು ಕೊಟ್ಟು ತಗೊಂಡಿದ್ದು, ಜೊತೆಗೆ ಒಂದು ಯುಎಸ್‌ಬಿ ಲಾಕ್ ಕೊಟ್ಟಿದ್ರು. ಆ ಲಾಕ್ ಚುಚ್ಚಿದ್ರೇನೇ ಪ್ಯಾಕೇಜು ಓಪನ್ ಆಗೋದು. ಲಾಕಿನ ಡ್ರೈವರ್ (ಲಾಕನ್ನ ವಿಂಡೋಸಿಗೆ ಪರಿಚಯ ಮಾಡ್ಸೋ ಸಾಫ್ಟ್‌ವೇರ್) ಸಿಡಿಯಲ್ಲಿರೋದು 32 ಬಿಟ್‌ದು, 64 ಬಿಟ್ ವಿಂಡೋಸ್ ಅದನ್ನ ಮೂಸಿಯೂ ನೋಡಲ್ಲ. ಇಲ್ಲೊಂದು ವಿಷಯ ಗೊತ್ತಿರ್ಲಿ: 64 ಬಿಟ್ ವಿಂಡೋಸಲ್ಲಿ 32 ಬಿಟ್ ಸಾಫ್ಟ್‌ವೇರುಗಳು ಓಡ್ತವೆ, ಅದಕ್ಕೆ ಒಳಗಡೆ ವ್ಯವಸ್ಥೆ ಇದೆ, ಆದ್ರೆ ಡ್ರೈವರ್ ಅನ್ನೋದು ಮಾತ್ರ 64 ಬಿಟ್‌ದೇ ಆಗ್ಬೇಕು, ಜೊತೆಗೆ ಡಿಜಿಟಲ್ ಸಹಿಯೂ ಇರ್ಬೇಕು. "ಸಾಫ್ಟ್‌ವೇರ್ ಓಡುತ್ತೆ ಸಾರ್" ಅಂತ ಯಾರಾದ್ರೂ ಹೇಳಿದ್ರೆ ಅದು ಅರ್ಧ ಸತ್ಯ, ಸಾಫ್ಟ್‌ವೇರ್ ಓಡಿ ಅದರ ಲಾಕು ಪ್ರಿಂಟರು ಓಡ್ಲಿಲ್ಲ ಅಂದ್ರೆ ಏನ್ ಉಪ್ಪಿನಕಾಯಿ ಹಾಕೋದಾ.

ಅಂಗಡಿ ಲೆಕ್ಕಕ್ಕೆ ವಿಂಡೋಸಿಗೂ ಮುಂಚಿನ ಡಾಸ್‌ಗೆ ಮಾಡಿದ್ದ ಒಂದು ಹಳೇ ಪ್ರೋಗ್ರಾಂ ಇತ್ತು, ಫಾಕ್ಸ್‌ಪ್ರೋದಲ್ಲಿ ನಮ್ಮ ಭಾವ ಬರೆದುಕೊಟ್ಟಿದ್ದು. ಅದು 16 ಬಿಟ್‌ದು, 64 ಬಿಟ್ ವಿಂಡೋಸಲ್ಲಿ ಅದಕ್ಕೆ ಉಸಿರೇ ಇಲ್ಲ. ಡಾಸ್ ಪ್ರೋಗ್ರಾಂ ಓಡ್ಸೋ ಡಾಸ್‌ಬಾಕ್ಸ್ ಹಾಕಿ ಹಳೇ ಬಾಕಿ ನೋಡೋಕಾಯ್ತು, ಪ್ರಿಂಟ್ ಹೋಗ್ಲಿಲ್ಲ, ಪುಸ್ತಕದಲ್ಲಿ ಬರ್ಕೊಂಡೆ, ಬಿಟ್ಟೆ.

ಇನ್ನು ಟೈಪಿಂಗು. ಇದನ್ನ ಗಮನ ಇಟ್ಟು ಓದಿ, ಎರಡು ದಿನ ತಿಂದಿದ್ದು ಇದೇ. ಪೇಜ್‌ಮೇಕರ್ ಡಬಲ್ ಕ್ಲಿಕ್ ಮಾಡಿದ್ರೆ ಏನೋ ಎರರ್ ಕೊಟ್ಟು ಮುಚ್ಕೊಳ್ತಿತ್ತು, ಹುಡುಗ ಬಂದು ಅಡ್ಮಿನಿಸ್ಟ್ರೇಟರ್ ಆಗಿ ರನ್ ಆಗೋ ಹಂಗೆ ಟಿಕ್ ಹಾಕಿ ಕೊಟ್ಟ, ಓಪನ್ ಆಯ್ತು, ಖುಷಿಯಾಗಿ ಇನ್ನೂರು ರೂಪಾಯಿ ಕೊಟ್ಟು ಕಳ್ಸಿದೆ. ಬೆಳಿಗ್ಗೆ ನಮ್ಮ ಅಂಗಡಿ ಹುಡುಗಿ ಬಂದು ಕೂತ್ಲು. ಹದಿನೈದು ವರ್ಷದಿಂದ ನುಡಿ ಕೀಬೋರ್ಡಲ್ಲಿ ಹೊಡಿಯೋಳು, ಕೀ ನೋಡೋದೇ ಇಲ್ಲ. ಸ್ಕ್ರಾಲ್ ಲಾಕ್ ಒತ್ತಿ ಶುರು ಮಾಡಿದ್ಲು, "ಅಣ್ಣ, ಕನ್ನಡ ಬೀಳ್ತಿಲ್ಲ, ಅಕ್ಷರ ಎಲ್ಲ ಚೂರು ಚೂರು ಬರ್ತಿದೆ" ಅಂದ್ಲು. ನೋಟ್‌ಪ್ಯಾಡ್ ತೆಗೆದು ಇಂಗ್ಲಿಷ್ ಫಾಂಟಲ್ಲಿ ನೋಡಿದ್ರೆ ಅಲ್ಲಿ ನುಡಿ ಕೆಲಸ ಮಾಡ್ತಿದೆ. ಪೇಜ್‌ಮೇಕರಲ್ಲಿ ಮಾತ್ರ ಕನ್ನಡ ಅಂತ ಹೊಡೆದ್ರೆ ಕೆ ಎನ್ ಎಫ್ ಎನ್ ಡಬ್ಲ್ಯೂ ಅಂತ ಕೀಗಳು ಹಂಗಂಗೇ ಬೀಳ್ತಿವೆ. ನುಡಿ ತೆಗೆದು ಹಾಕಿದ್ವಿ, ಇನ್ನೊಂದು ವರ್ಷನ್ ಹಾಕಿದ್ವಿ, ಕೀಬೋರ್ಡ್ ಬದಲಾಯಿಸಿದ್ವಿ, ಯಾರೋ ಹೇಳಿದ್ರು ಅಂತ ಆಂಟಿವೈರಸ್ ತೆಗೆದ್ವಿ. ಏನಿಲ್ಲ.

ಕೊನೆಗೆ ಗೊತ್ತಾಗಿದ್ದು, ಒಂದು ಸಾಫ್ಟ್‌ವೇರ್ ಅಡ್ಮಿನಿಸ್ಟ್ರೇಟರ್ ದರ್ಜೇಲಿ ಓಡ್ತಿದ್ರೆ ಸಾಮಾನ್ಯ ದರ್ಜೇಲಿ ಓಡ್ತಿರೋ ಇನ್ನೊಂದು ಸಾಫ್ಟ್‌ವೇರ್ ಅದಕ್ಕೆ ಹೋಗೋ ಕೀಗಳಲ್ಲಿ ಕೈ ಹಾಕೋ ಹಂಗಿಲ್ಲ, ವಿಂಡೋಸೇ ತಡೆಯುತ್ತೆ. ವಿಸ್ತಾ ಕಾಲದಿಂದಲೂ ಇರೋ ರೂಲ್ಸು, ನಾವು ಒತ್ತಿದ ಕೀ ಕದಿಯೋ ವೈರಸ್‌ಗಳಿಗೆ ಅಡ್ಡ ಅಂತ ಮಾಡಿರೋದು, ಸರಿಯಾಗೇ ಇದೆ. ಆದ್ರೆ ನುಡಿಯಂಥ ಕೀಬೋರ್ಡ್ ಸಾಫ್ಟ್‌ವೇರ್ ಮಾಡೋದೂ ಅದೇ ಕೆಲಸ ಅಲ್ವಾ, ನಾವು ಒತ್ತಿದ ಕೀ ಮಧ್ಯದಲ್ಲಿ ಹಿಡಿದು ಕನ್ನಡ ಮಾಡಿ ಕೊಡೋದು. ಪೇಜ್‌ಮೇಕರ್‌ನ ಮೇಲಿನ ಅಟ್ಟಕ್ಕೆ ಹತ್ತಿಸಿ ನುಡೀನ ಕೆಳಗೇ ಬಿಟ್ಟಿದ್ವಿ. ನುಡೀನೂ ಅಡ್ಮಿನಿಸ್ಟ್ರೇಟರ್ ಆಗಿ ರನ್ ಮಾಡಿದ್ವಿ, ಮರುಕ್ಷಣ ಕನ್ನಡ ಬಿತ್ತು. ಎರಡು ದಿನದ ಕೂಲಿ ಒಂದು ಟಿಕ್ಕಿಗೆ ಹೋಯ್ತು.

ಇಷ್ಟೆಲ್ಲ ಆದ್ರೂ ನಷ್ಟ ಅಂತ ಆಗಿರ್ಲಿಲ್ಲ. ನಷ್ಟ ಆಗಿದ್ದು ಪ್ರಿಂಟರಿಂದ. ನಮ್ಮ ಹಳೇ ಲೇಸರ್ ಪ್ರಿಂಟರಿಗೂ 64 ಬಿಟ್ ಡ್ರೈವರ್ ಸಿಗ್ಲಿಲ್ಲ, ಬಟರ್ ಪೇಪರ್ ಮೇಲೆ ಟ್ರೇಸ್ (ಸ್ಕ್ರೀನ್ ಪ್ರಿಂಟಿಂಗ್‌ಗೆ ಬೇಕಾದ, ಬೆಳಕು ಹಾಯೋ ಪ್ರತಿ) ತೆಗೆಯೋಕೆ ಅದೇ ಚೆನ್ನಾಗಿತ್ತು. ಸರಿ ಅಂತ ಪಕ್ಕದ ಅಂಗಡಿಯವರ ಹೊಸ ಪ್ರಿಂಟರ್ ತಂದು ಹಾಕೊಂಡ್ವಿ. ಪೇಜ್‌ಮೇಕರ್‌ದೊಂದು ಗುಣ ಇದೆ, ಹಳಬರಿಗೆ ಗೊತ್ತಿರುತ್ತೆ, ಅದು ಪುಟಾನ ಯಾವ ಪ್ರಿಂಟರಿಗೆ ಅಂತ ಲೆಕ್ಕ ಹಾಕಿ ಜೋಡಿಸುತ್ತೆ, ಪ್ರಿಂಟರ್ ಬದಲಾದ್ರೆ ಸಾಲುಗಳನ್ನ ಮತ್ತೆ ಜೋಡಿಸುತ್ತೆ. ಒಂದು ಪದ ಕೆಳಗಿನ ಸಾಲಿಗೆ ಜಾರಿದ್ರೆ ಸಾಕು, ಬ್ಲಾಕಿನ ಕೊನೇ ಸಾಲು ಹೊರಗೆ ಬಿದ್ದು ಕಾಣ್ದಂಗಾಗುತ್ತೆ.

ಒಂದು ಲಗ್ನಪತ್ರಿಕೆ, 600 ಕಾರ್ಡು. ಪ್ರೂಫ್‌ನ ನಾವು ಹಳೇ ವಿಂಡೋಸ್ ಇದ್ದಾಗ್ಲೇ ವಾಟ್ಸಾಪಲ್ಲಿ ಕಳ್ಸಿದ್ವಿ, ಅವರೂ ಮನೆಮಂದಿಯೆಲ್ಲ ಓದಿ ಓಕೆ ಅಂದಿದ್ರು. ಪ್ರೂಫ್ ಓಕೆ ಆಗಿದೆ ಅಂದ್ಮೇಲೆ ಮತ್ತೆ ಯಾರು ಓದ್ತಾರೆ, ಹೊಸ ವಿಂಡೋಸಿಂದ ಟ್ರೇಸ್ ತೆಗೆದ್ವಿ, ಅದರಿಂದ ಅಚ್ಚು ಹೊಡೆಯೋ ಸ್ಕ್ರೀನ್ ಎಕ್ಸ್‌ಪೋಸ್ ಮಾಡಿದ್ವಿ, ಹೊಡೆದ್ವಿ, ಒಣಗಿಸಿ ಕಟ್ಟಿ ಕೊಟ್ವಿ. ನಾಲ್ಕನೇ ದಿನ ಹುಡುಗಿ ತಂದೆ ಅಂಗಡಿಗೆ ಬಂದ್ರು, ಕೈಯಲ್ಲಿ ಅರಿಶಿನ ಹಚ್ಚಿರೋ ಕಾರ್ಡು. ಕೂಗಾಡ್ಲಿಲ್ಲ, ಅದೇ ಇನ್ನೂ ಹಿಂಸೆ ಆಗಿದ್ದು. "ಸ್ವಾಮಿ, ಸೋದರಮಾವನ ಹೆಸರೇ ಇಲ್ವಲ್ಲ. ಮೊದಲನೇ ಕಾರ್ಡು ಅವರಿಗೇ ಕೊಡೋಕೆ ಹೋಗಿದ್ವಿ. ತೆರೆದು ಓದಿದ್ರು, ಮಡಚಿ ತಟ್ಟೆ ಮೇಲಿಟ್ಟು ಕಾಫಿ ಕುಡೀರಿ ಅಂತ ಒಳಗೆ ಎದ್ದು ಹೋದ್ರು" ಅಂದ್ರು.

ಫೈಲ್ ತೆಗೆದೆ. ಸುಖಾಗಮನ ಬಯಸುವವರ ಪಟ್ಟಿ ಕೆಳಗಡೆ ಸಣ್ಣ ಕೆಂಪು ತ್ರಿಕೋನ ಕೂತಿತ್ತು, ಒಳಗೆ ಇನ್ನೂ ಮ್ಯಾಟರ್ ಇದೆ ಅಂತ ಅದರ ಅರ್ಥ. ಮೌಸಲ್ಲಿ ಹಿಡಿದು ಕೆಳಗೆ ಎಳೆದೆ, ಮಾವನೂ ಅತ್ತೆಯೂ ಹೊರಗೆ ಬಂದ್ರು. ಯಜಮಾನ್ರು ಕನ್ನಡಕ ಸರಿ ಮಾಡ್ಕೊಂಡು ನೋಡಿ "ಇಲ್ಲೇ ಅವ್ರಲ್ಲ ಮತ್ತೆ" ಅಂದ್ರು. ಏನ್ ಹೇಳ್ಲಿ. ಕಾರ್ಡಿಗೆ 14 ರೂಪಾಯಿ ಲೆಕ್ಕದಲ್ಲಿ 8,400 ನನ್ನ ಕೈಯಿಂದ ಹಾಕಿ ಎರಡು ರಾತ್ರಿ ಕೂತು ಹೊಸದು ಹೊಡೆದುಕೊಟ್ಟೆ, ಮಾವನ ಮನೆಗೆ ನಾನೇ ಹೋಗಿ ತಪ್ಪು ನಂದು ಅಂತ ಹೇಳಿ ಬಂದೆ. ಕಾಫಿ ನನಗೂ ಕೊಟ್ರು, ನಂಬಿದ್ರೋ ಇಲ್ವೋ ದೇವರಿಗೇ ಗೊತ್ತು.

ಯಾರನ್ನೂ ಬೈಯೋಕೆ ಬರೀತಿಲ್ಲ. ಪೇಜ್‌ಮೇಕರ್ 7 ಬಂದಿದ್ದು 2001ರಲ್ಲಿ, ಅದು ಇಷ್ಟು ದಿನ ಓಡಿದ್ದೇ ನಮ್ಮ ಪುಣ್ಯ. ಆದ್ರೆ ನೀವು ಈ ಕೆಲಸಕ್ಕೆ ಕೈ ಹಾಕೋದಾದ್ರೆ ಅರಸೀಕೆರೆ ಸ್ನೇಹಿತ ಮಾಡ್ದಂಗೆ ಮಾಡಿ. ಅವನು ಹಳೇ ಹಾರ್ಡ್‌ಡಿಸ್ಕ್ ಮುಟ್ಲೇ ಇಲ್ಲ, ಬಿಚ್ಚಿ ಬಟ್ಟೆ ಸುತ್ತಿ ಬೀರುವಿನಲ್ಲಿಟ್ಟ, ಒಂದು ಹೊಸ ಎಸ್‌ಎಸ್‌ಡಿ ತಂದು ಅದಕ್ಕೆ 11 ಹಾಕ್ಸಿದ. ಸರಿಹೋಗ್ಲಿಲ್ಲ, ಸಂಜೆ ವೈರ್ ಬದಲಾಯಿಸಿ ಹಳೇದಕ್ಕೆ ಬಂದ. ಹತ್ತು ನಿಮಿಷದ ಕೆಲಸ. ನನಗೆ ಇದನ್ನ ಆಮೇಲೆ ಹೇಳ್ದ, ಪೆನ್‌ಡ್ರೈವ್ ಕಳ್ಸೋವಾಗ.

ನಿಮ್ಮ ಈಗಿನದು 32ನೋ 64ನೋ ಅಂತ ಸೆಟ್ಟಿಂಗ್ಸಲ್ಲಿ ಸಿಸ್ಟಮ್, ಅಬೌಟ್ ಒಳಗೆ ನೋಡ್ಕೊಳ್ಳಿ, 32 ಅಂತ ಇದ್ರೆ ಎರಡು ಸಲ ಯೋಚ್ನೆ ಮಾಡಿ. ಫಾಂಟ್ಸ್ ಫೋಲ್ಡರ್ ಇವತ್ತೇ ಕಾಪಿ ಮಾಡಿಟ್ಕೊಳ್ಳಿ. ಲಾಕಿಗೂ ಪ್ರಿಂಟರಿಗೂ 64 ಬಿಟ್ ಡ್ರೈವರ್ ಕೈಗೆ ಸಿಕ್ಕಿ ಡೌನ್‌ಲೋಡ್ ಆದ್ಮೇಲೇ ಮುಂದಿನ ಮಾತು. ಹಳೇ ಮಷೀನ್ ಜೀವ ಇರೋವಾಗ್ಲೇ ಮುಖ್ಯವಾದ ಫೈಲುಗಳನ್ನ ಪಿಡಿಎಫ್ ಮಾಡಿಟ್ಟುಬಿಡಿ, ಪೇಜ್‌ಮೇಕರ್ ಜಾಗಕ್ಕೆ ಬಂದ ಇನ್‌ಡಿಸೈನ್‌ಗೆ ಹೋಗ್ತೀನಿ ಅನ್ನೋರು ಪೇಜ್‌ಮೇಕರ್ ಫೈಲ್ ನೇರವಾಗಿ ತೆಗೆಯೋದು ಅದರ ಸಿಎಸ್6 ವರ್ಷನ್ ತನಕ ಮಾತ್ರ ಅಂತ ನೆನಪಿಟ್ಕೊಳ್ಳಿ, ಅದಾದ್ಮೇಲಿನವು ತೆಗೆಯಲ್ಲ. ತೆಗೆದ್ರೂ ಒಳಗಿರೋದು ಹಳೇ ನುಡಿ ಅಕ್ಷರ, ಈಗ ಎಲ್ಲಾ ಕಡೆ ನಡೆಯೋ ಯೂನಿಕೋಡ್‌ಗೆ ಕನ್ವರ್ಟ್ ಮಾಡಿ ಪುಟ ಪುಟ ಕೂತು ಓದ್ಬೇಕು, ಒತ್ತಕ್ಷರ ಅರ್ಕಾವತ್ತು ಎಲ್ಲಾದ್ರೂ ಒಂದ್ಕಡೆ ಕೈ ಕೊಟ್ಟೇ ಕೊಡುತ್ತೆ. ಮತ್ತೆ ವಿಂಡೋಸ್ ಬದಲಾಗಿದ್ರೆ ಹಳೇ ಪ್ರೂಫ್ ಲೆಕ್ಕಕ್ಕಿಲ್ಲ, ಟ್ರೇಸ್ ತೆಗೆದ್ಮೇಲೆ ಟ್ರೇಸನ್ನೇ ಓದ್ಸಿ.

ಇನ್ನೊಂದು ವಿಷಯ ತಿಳಿದಾಗ ಹಣೆ ಚಚ್ಚಿಕೊಂಡೆ. ವಿಂಡೋಸ್ 10ರ ಕೊನೇ ವರ್ಷನ್ 22ಎಚ್2 ಇರೋರಿಗೆ ಮೈಕ್ರೋಸಾಫ್ಟ್‌ನವರು ಒಂದು ವರ್ಷ, ಅಂದ್ರೆ 2026ರ ಅಕ್ಟೋಬರ್ 13ರ ತನಕ ಸೆಕ್ಯುರಿಟಿ ಅಪ್‌ಡೇಟ್ ಮುಂದುವರಿಸ್ಕೊಳ್ಳೋ ಅವಕಾಶ ಕೊಟ್ಟಿದ್ರು. ನಂದು ಅದೇ ವರ್ಷನ್ನು. ಸೀಸನ್ ಮುಗಿಸ್ಕೊಂಡು ನಿಧಾನಕ್ಕೆ ಮಾಡ್ಬಹುದಿತ್ತು. ಇಲ್ಲಾ ಆ ಮಷೀನಿಂದ ನೆಟ್ ವೈರ್ ಕಿತ್ತು ಬರೀ ಟೈಪಿಂಗ್‌ಗೆ ಇಟ್ಕೊಂಡು ವಾಟ್ಸಾಪು, ಇ-ಮೇಲು ಬೇರೆ ಮಷೀನಲ್ಲಿ ನೋಡ್ಬಹುದಿತ್ತು. ಸೆಕ್ಯುರಿಟಿ ಇರ್ಲಿ ಅಂತ ಹೋಗಿ ಬೈಪಾಸ್ ಮಾಡಿದ 11 ಹಾಕ್ಸಿದೆ, ಈಗ ಇಂಥ ಮಷೀನುಗಳಿಗೆ ಅಪ್‌ಡೇಟ್ ಬರೋದಕ್ಕೇ ಗ್ಯಾರಂಟಿ ಇಲ್ಲ ಅಂತ ಮೈಕ್ರೋಸಾಫ್ಟ್‌ನವರೇ ಹೇಳ್ತಾರೆ.

ಸದ್ಯಕ್ಕೆ ಹಳೇ ಪ್ರಿಂಟರು, ಲಾಕು ಎರಡನ್ನೂ ಅಟ್ಟದ ಮೇಲೆ ಹಾಕಿದೀನಿ. ಯಾರ ಹತ್ರಾನಾದ್ರೂ ಓಡ್ತಿರೋ 32 ಬಿಟ್ ವಿಂಡೋಸ್ 7 ಅಥವಾ 10 ಮಷೀನ್ ಮಾರೋಕಿದ್ರೆ ತಿಳಿಸಿ, ತಿಪಟೂರು, ಅರಸೀಕೆರೆ, ತುಮಕೂರು ಕಡೆ ಎಲ್ಲಿದ್ರೂ ಬಂದು ತಗೊಂಡ್ಹೋಗ್ತೀನಿ. ಫಾರ್ಮ್ಯಾಟ್ ಮಾತ್ರ ಮಾಡ್ಬೇಡಿ.