ಟಿಬಿಲಿಸಿಯ ಗಂಧಕದ ಸ್ನಾನಗೃಹಕ್ಕೆ ಹಿರಿಯರನ್ನು ಕರೆದೊಯ್ಯುವ ಮುನ್ನ

ಮಕ್ಕಳನ್ನು ಜಾರ್ಜಿಯಾದಲ್ಲಿ ವೈದ್ಯಕೀಯ ಓದಲು ಬಿಟ್ಟಿರುವ ಕನ್ನಡದ ಕುಟುಂಬಗಳು ಈಗ ಒಂದೆರಡಲ್ಲ. ನೋಡಿ ಬರಲು ಹೋದ ತಂದೆತಾಯಿಯನ್ನು ಮಕ್ಕಳು ತಪ್ಪದೆ ಕರೆದೊಯ್ಯುವ ಜಾಗ ಅಬಾನೊತುಬಾನಿ, ಅಂದರೆ ಆ ದೇಶದ ರಾಜಧಾನಿ ಟಿಬಿಲಿಸಿಯ ಹಳೆಯ ಭಾಗದಲ್ಲಿರುವ ಬಿಸಿನೀರಿನ ಸ್ನಾನಗೃಹಗಳ ಕೇರಿ. ಅಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಖಾಸಗಿ ಕೋಣೆಯೊಂದರಲ್ಲಿ ನಮ್ಮ ಯಜಮಾನರು ಪ್ರಜ್ಞೆ ತಪ್ಪಿ ಬಿದ್ದರು. ಕರೆಗಂಟೆ ಒತ್ತಿದರೆ ಸದ್ದಿಲ್ಲ. ಹೊರಗಿನಿಂದ ಬಾಗಿಲು ಬಡಿದದ್ದು ಸಮಯ ಮುಗಿಯಿತೆಂದು ಹೇಳುವುದಕ್ಕೆ. ಮನೆಯಲ್ಲಿ ರಕ್ತದೊತ್ತಡದ ಮಾತ್ರೆ ನುಂಗುವವರಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ.

ಜಾಗದ ಬಗ್ಗೆ ನನಗೆ ತಕರಾರಿಲ್ಲ. ನಾರಿಕಾಲ ಕೋಟೆಯ ಬುಡದಲ್ಲಿ ಇಟ್ಟಿಗೆಯ ಗುಮ್ಮಟಗಳು ನೆಲದಿಂದಲೇ ಎದ್ದಂತೆ ಕಾಣುತ್ತವೆ. ಸ್ನಾನದ ಕೋಣೆಗಳು ಅವುಗಳ ಅಡಿಯಲ್ಲಿ, ನೆಲಮಟ್ಟಕ್ಕಿಂತ ಕೆಳಗಿವೆ. 5ನೇ ಶತಮಾನದ ದೊರೆ ವಖ್ತಾಂಗ್ ಗೊರ್ಗಸಾಲಿ ಬೇಟೆಗೆ ಬಂದಾಗ ಹಕ್ಕಿ ಬಿಸಿನೀರಿನ ಬುಗ್ಗೆಗೆ ಬಿದ್ದದ್ದನ್ನು ಕಂಡು ಇಲ್ಲಿ ಊರು ಕಟ್ಟಿಸಿದನೆಂದು ಐತಿಹ್ಯ. ಗಂಧಕದ ವಾಸನೆ ಬೀದಿಯಲ್ಲೇ ಮೂಗಿಗೆ ಬಡಿಯುತ್ತದೆ. ಸಾರ್ವಜನಿಕ ವಿಭಾಗವೂ ಇದೆ, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ, ಹಣವೂ ಕಡಿಮೆ. ಆದರೆ ಅಲ್ಲಿ ಬಟ್ಟೆ ಕಳಚಿ ಎಲ್ಲರೊಡನೆ ಮೀಯುವುದು ವಾಡಿಕೆ. ನನ್ನಂಥವಳಿಗೆ ಅದು ಆಗದ ಮಾತು. ಖಾಸಗಿ ಕೋಣೆಯಾದರೆ ಹಳೆಯ ಚೂಡಿದಾರ್ ತೊಟ್ಟೇ ನೀರಿಗಿಳಿಯಬಹುದು, ಮನೆಯವರೆಲ್ಲ ಒಟ್ಟಿಗೆ ಇರಬಹುದು. ನಮ್ಮ ಕಡೆಯ ಬಹುತೇಕ ಕುಟುಂಬಗಳು ಖಾಸಗಿ ಕೋಣೆಯನ್ನೇ ಹಿಡಿಯುವುದು ಈ ಕಾರಣಕ್ಕೆ.

ಮಗಳು ಚಿತ್ರ ನೋಡಿ ಒಂದು ಕೋಣೆಯನ್ನು ಗೊತ್ತುಮಾಡಿಕೊಂಡಿದ್ದಳು. ಬಾಗಿಲಲ್ಲಿ ನಿಂತಿದ್ದವನು, 'ಅದು ಖಾಲಿಯಿಲ್ಲ, ಅದೇ ದರಕ್ಕೆ ಇನ್ನೂ ಒಳ್ಳೆಯದು ಕೊಡುತ್ತೇನೆ' ಎಂದು ಪಕ್ಕದ ಮೆಟ್ಟಿಲು ಇಳಿಸಿದ. ಗಂಟೆಗೆ 80 ಲಾರಿ ಎಂದ. ಲಾರಿ ಎಂದರೆ ಜಾರ್ಜಿಯಾದ ಹಣ; ಒಂದು ಲಾರಿಗೆ ಮೂವತ್ತು ರೂಪಾಯಿಗಿಂತ ತುಸು ಹೆಚ್ಚು ಎಂದು ಲೆಕ್ಕ ಹಿಡಿಯಿರಿ. ಬೀಗದ ಕೈಗೆ ಒತ್ತೆಯಾಗಿ ಮಗಳ ವಿದ್ಯಾರ್ಥಿ ಗುರುತಿನ ಚೀಟಿಯನ್ನು ಇಸಿದುಕೊಂಡರು. ದರಪಟ್ಟಿ ಎಲ್ಲಿಯೂ ಇರಲಿಲ್ಲ.

ಒಳಗೆ ಮೊದಲು ಬಟ್ಟೆ ಬದಲಿಸುವ ಕೋಣೆ, ಅದರಾಚೆ ಸ್ನಾನದ ಕೋಣೆ: ಮಲಗಿಸಿ ಮೈಯುಜ್ಜಲು ಕಲ್ಲಿನ ಹಾಸು, ಎದೆಮಟ್ಟದ ಬಿಸಿನೀರಿನ ತೊಟ್ಟಿ. ಗುಮ್ಮಟದ ನೆತ್ತಿಯಲ್ಲಿ ಆವಿ ಹೋಗಲು ಬಿಟ್ಟಿದ್ದ ಕಿಂಡಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಬಿಗಿದಿದ್ದರು. ಗೋಡೆಯ ಫ್ಯಾನ್ ತಿರುಗುತ್ತಿರಲಿಲ್ಲ. ರೆಕ್ಕೆಗಳ ಮೇಲೆ ತುಕ್ಕು ಹಿಡಿದಿತ್ತು. ತಣ್ಣೀರಿನ ತೊಟ್ಟಿ ಇರಲಿಲ್ಲ, ತಣ್ಣೀರಿನ ನಲ್ಲಿಯಲ್ಲಿ ಬಂದದ್ದು ಉಗುರುಬೆಚ್ಚಗಿನ ನೀರು. ಇಷ್ಟನ್ನೂ ನಾನು ಹೇಳುತ್ತಿರುವುದು ದೂರಿನ ಪಟ್ಟಿ ಬೆಳೆಸಲಿಕ್ಕಲ್ಲ, ಮುಂದಾದದ್ದಕ್ಕೆಲ್ಲ ಕಾರಣ ಇದೇ.

ಮೈಯುಜ್ಜುವವರನ್ನು ಅಲ್ಲಿ ಮೆಕಿಸೆ ಎನ್ನುತ್ತಾರೆ. ಒಬ್ಬ ಮೆಕಿಸೆ ಬಂದು ಯಜಮಾನರನ್ನು ಹಾಸಿನ ಮೇಲೆ ಮಲಗಿಸಿ, ಒರಟು ಕೈಗವಸು ತೊಟ್ಟು ಉಜ್ಜಿದ. ಕೊಳೆ ಬೂದುಬಣ್ಣದ ಎಳೆಎಳೆಯಾಗಿ ಬಂತು. ಆಮೇಲೆ ಬಟ್ಟೆಯ ಚೀಲಕ್ಕೆ ಗಾಳಿ ತುಂಬಿ ಹಿಂಡಿ ಮೈತುಂಬ ಸೋಪಿನ ನೊರೆ ಸುರಿದ. ಚೊಕ್ಕ ಕೆಲಸ, ಅವನನ್ನು ದೂರುವಂತಿಲ್ಲ. ಅವನು ಹೋದ ಮೇಲೆ ಇವರು ತೊಟ್ಟಿಗೆ ಇಳಿದರು. ಮಂಡಿನೋವಿಗೆ ಹಿತವಾಗಿದೆ ಎಂದು ಕುತ್ತಿಗೆವರೆಗೆ ಮುಳುಗಿ ಕುಳಿತರು. ಏಳುವಾಗ 'ಕಣ್ಣು ಕತ್ತಲೆ ಬರುತ್ತಿದೆ' ಎಂದವರು ಮಾತು ಮುಗಿಸುವಷ್ಟರಲ್ಲಿ ಕುಸಿದರು. ತಲೆ ಕಲ್ಲಿನ ಅಂಚಿಗೆ ತಾಗುವುದು ಗೇಣಿನಲ್ಲಿ ತಪ್ಪಿತು. ನೀರೊಳಗೇ ಕುಸಿದಿದ್ದರೆ ಏನಾಗುತ್ತಿತ್ತೋ, ಈಗಲೂ ನೆನೆಯಲು ಧೈರ್ಯವಿಲ್ಲ.

ನಾವಿಬ್ಬರೂ ಅವರ ತೋಳು ಹಿಡಿದು ಬದಲಿಸುವ ಕೋಣೆಗೆ ಎಳೆದು ತಂದೆವು. ನಾನು ಕೂರಿಸಲು ಹೋದರೆ ಮಗಳು, 'ಬೇಡಮ್ಮ, ಮಲಗಿಸು, ಕಾಲು ಮೇಲೆತ್ತು' ಎಂದಳು. ಅವರಿಗೆ ಎಚ್ಚರ ಬಂತು, ಆದರೆ ಮುಖ ಬಿಳಿಚಿ, ಮೈಯೆಲ್ಲ ತಣ್ಣನೆ ಬೆವರು. ನಾನು ಕರೆಗಂಟೆ ಒತ್ತುತ್ತಲೇ ಇದ್ದೆ. ಯಾರೂ ಬರಲಿಲ್ಲ. ನೆಲಮಾಳಿಗೆಯಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಕೊನೆಗೆ ಬಂದ ಕೆಲಸದ ಹೆಂಗಸು ಒಳಗೆ ಇಣುಕಿ ನೋಡಿ, ಗೋಡೆಯ ಗಡಿಯಾರ ತೋರಿಸಿದಳು.

ಅವರು ಎದ್ದು ನಡೆಯುವಂತಾಗುವಷ್ಟರಲ್ಲಿ ಗಂಟೆ ಮೀರಿತ್ತು. ಕೌಂಟರಿನಲ್ಲಿ ಕೇಳಿದ್ದು 290 ಲಾರಿ. ಕೋಣೆಗೆ 80; ಮೀರಿದ ಕೆಲವು ನಿಮಿಷಕ್ಕೆ ಇನ್ನೊಂದು ಪೂರ್ತಿ ಗಂಟೆಯ 80; ಉಜ್ಜಿಸಿಕೊಂಡವರು ಒಬ್ಬರೇ ಆದರೂ ಇಬ್ಬರ ಲೆಕ್ಕಕ್ಕೆ 60; ಟವೆಲಿಗೆ 30, ಚಪ್ಪಲಿಗೆ 15, ನಾವು ಕೇಳದೆ ತಂದಿಟ್ಟ ಚಹಾಕ್ಕೆ 25. ಕೊಡದಿದ್ದರೆ ಗುರುತಿನ ಚೀಟಿ ವಾಪಸ್ ಇಲ್ಲ ಎಂದರು. ಗೋಡೆಗೆ ಒರಗಿಕೊಂಡು ನಿಂತಿದ್ದ ಮನುಷ್ಯನಿಗೆ ಒಂದು ಕುರ್ಚಿ ಕೊಡಲಿಲ್ಲ. ಹಣಕ್ಕಿಂತ ನನ್ನನ್ನು ಸುಟ್ಟದ್ದು ಅದು. ಮಗಳು ಜಾರ್ಜಿಯನ್ ಭಾಷೆಯಲ್ಲೇ, ಬಿಡಿಬಿಡಿಯಾಗಿ ಬರೆದ ರಸೀದಿ ಕೊಡಿ, ಇಲ್ಲವಾದರೆ 112ಕ್ಕೆ ಕರೆ ಮಾಡುತ್ತೇನೆ ಎಂದಾಗ ಎರಡನೆಯ ಗಂಟೆಯನ್ನು ಹೊಡೆದುಹಾಕಿದರು. 210 ಲಾರಿ ಎಣಿಸಿ ಬಂದೆವು.

ಮಗಳು ಆಮೇಲೆ ಬಿಡಿಸಿ ಹೇಳಿದಳು. ಅಲ್ಲಿನ ನೀರು ಸುಮಾರು 40 ಡಿಗ್ರಿ, ಮೈಯ ಶಾಖಕ್ಕಿಂತ ಹೆಚ್ಚು. ಬಿಸಿಗೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಒತ್ತಡ ಇಳಿಯುತ್ತದೆ. ಯಜಮಾನರು ನುಂಗುವ ರಕ್ತದೊತ್ತಡದ ಮಾತ್ರೆ ಅಮ್ಲೋಡಿಪಿನ್ ಮಾಡುವ ಕೆಲಸವೂ ಅದೇ. ಎರಡೂ ಸೇರಿದಾಗ ತಟ್ಟನೆ ಎದ್ದರೆ ಮಿದುಳಿಗೆ ರಕ್ತ ಸಾಲುವುದಿಲ್ಲ. ಆವಿ ಕಟ್ಟಿದ ಕೋಣೆಯಲ್ಲಿ ಬೆವರು ಆರುವುದೂ ಇಲ್ಲ, ಹಾಗಾಗಿ ಮೈ ತಣಿಯುವ ದಾರಿಯೇ ಇಲ್ಲ.

ಇನ್ನೊಂದು ಸಂಗತಿ ನನ್ನ ಕಾಲಲ್ಲೇ ಕಂಡಿತು. ಒಳಗೆ ಹೋಗುವಾಗ ಬಿಳಿಯಾಗಿದ್ದ ಬೆಳ್ಳಿಯ ಕಾಲುಂಗುರ ಹೊರಬರುವಾಗ ಹಬೆಯಲ್ಲಿ ಮಸಿ ಹಿಡಿದಂತೆ ಕಪ್ಪಾಗಿತ್ತು. ವಿಭೂತಿ ಹಾಕಿ ತಿಕ್ಕಿದ ಮೇಲೆ ಬಣ್ಣ ಬಂತು. ಕೊಳೆತ ಮೊಟ್ಟೆಯ ವಾಸನೆ ಬರುವುದು ಹೈಡ್ರೋಜನ್ ಸಲ್ಫೈಡ್ ಅನಿಲದಿಂದ. ಬೆಳ್ಳಿ ಕಪ್ಪಾಗುವುದೂ ಅದರಿಂದಲೇ. ಅದು ಗಾಳಿಗಿಂತ ಭಾರ, ಗಾಳಿಯಾಡದ ತಗ್ಗಿನಲ್ಲಿ ನಿಲ್ಲುತ್ತದೆ. ಮೂಗು ಬೇಗ ಒಗ್ಗಿಕೊಳ್ಳುವುದರಿಂದ, ವಾಸನೆ ಕಡಿಮೆಯಾಯಿತೆಂದು ಅನಿಲ ಕಡಿಮೆಯಾಯಿತೆಂದು ತಿಳಿಯಬೇಡಿ. ಕಿಂಡಿ ಮುಚ್ಚಿದ, ಫ್ಯಾನ್ ಕೆಟ್ಟ ಕೋಣೆಯನ್ನು ಯಾವ ದರಕ್ಕೂ ಒಪ್ಪಬೇಡಿ.

ಖಾಸಗಿ ಕೋಣೆಯ ನಿಜವಾದ ಅಪಾಯ ನನಗೆ ಕಂಡದ್ದು ಇಲ್ಲಿ. ಬದರಿಯ ತಪ್ತಕುಂಡದಲ್ಲಿ ಯಾರಿಗಾದರೂ ತಲೆ ಸುತ್ತಿದರೆ ಹಿಡಿಯಲು ಹತ್ತು ಕೈ ಚಾಚುತ್ತವೆ. ಮುಚ್ಚಿದ ಬಾಗಿಲ ಹಿಂದೆ ನಿಮ್ಮವರನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಆದ್ದರಿಂದ ಹಣ ಕೊಡುವ ಮೊದಲೇ ಕೋಣೆ ತೋರಿಸಲು ಹೇಳಿ. ಕರೆಗಂಟೆಯನ್ನು ನೀವೇ ಒತ್ತಿ, ಯಾರಾದರೂ ಬರುತ್ತಾರೆಯೇ ನೋಡಿ. ಚಿತ್ರದಲ್ಲಿ ಕಂಡ ಕೋಣೆ ಇಲ್ಲವೆಂದರೆ ಬೇರೆ ಮನೆಗೆ ನಡೆಯಿರಿ, ಆ ಬೀದಿಯಲ್ಲಿ ಸ್ನಾನಗೃಹಗಳಿಗೆ ಬರವಿಲ್ಲ. ದರ ಕೋಣೆಗೋ ತಲೆಗೋ, ಗಂಟೆ ಶುರುವಾಗುವುದು ಯಾವಾಗ, ಉಜ್ಜಲು ಎಷ್ಟು ಎಂಬುದನ್ನು ಬರೆಸಿಕೊಂಡು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಟವೆಲ್, ಚಪ್ಪಲಿ, ಕುಡಿಯುವ ನೀರು ನಿಮ್ಮದೇ ಇರಲಿ. ಒತ್ತೆಗೆ ಹಣ ಇಡಿ; ಪಾಸ್‌ಪೋರ್ಟನ್ನಾಗಲಿ ಗುರುತಿನ ಚೀಟಿಯನ್ನಾಗಲಿ ಕೊಡಬೇಡಿ.

ಹೃದಯದ ತೊಂದರೆ ಇರುವವರು, ಗರ್ಭಿಣಿಯರು, ಊಟಕ್ಕೆ ವೈನ್ ಕುಡಿದು ಬಂದವರು ಈ ನೀರಿನಿಂದ ದೂರವೇ ಇರಲಿ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ಮೊದಲು ತಮ್ಮ ವೈದ್ಯರನ್ನು ಕೇಳಲಿ. ಅವರು ಒಪ್ಪಿದರೂ ಸೊಂಟದವರೆಗಷ್ಟೇ ಇಳಿದು, ಐದಾರು ನಿಮಿಷಕ್ಕೆ ಅಂಚಿನಲ್ಲಿ ಕುಳಿತು, ಸುಧಾರಿಸಿಕೊಂಡ ಮೇಲೇ ಕೈ ಹಿಡಿದುಕೊಂಡು ಏಳಬೇಕು. ಯಾರಾದರೂ ಕುಸಿದರೆ ಕೂರಿಸಬೇಡಿ, ನಿಲ್ಲಿಸಬೇಡಿ. ಆವಿಯಿಂದ ಹೊರಗೆ ತಂದು ಅಂಗಾತ ಮಲಗಿಸಿ, ಕಾಲು ಎತ್ತರದಲ್ಲಿಡಿ. ಬಾಗಿಲು ತೆರೆದು, ಒಬ್ಬರು ಮೆಟ್ಟಿಲು ಹತ್ತಿ ಬೀದಿಗೆ ಓಡಿ 112ಕ್ಕೆ ಕರೆ ಮಾಡಿ. ಜಾರ್ಜಿಯಾದಲ್ಲಿ ಆಂಬುಲೆನ್ಸಿಗೂ ಪೊಲೀಸರಿಗೂ ಅದೊಂದೇ ಸಂಖ್ಯೆ.