ಒಡೆದ ಟೈಲ್ಸ್, ಹೆಂಚು: ಅಂಟಿಸುವುದೋ, ಸುಡುವುದೋ?

ಬೆಂಗಳೂರಲ್ಲಿ ಹಳೇ ಮನೆ ಕೆಡವಿದ ಕಡೆಯೆಲ್ಲ ಟೈಲ್ಸ್, ವಾಶ್‌ಬೇಸಿನ್, ಮಂಗಳೂರು ಹೆಂಚಿನ ಚೂರು ರಾಶಿ ಬಿದ್ದಿರುತ್ತದೆ. ಅದರಿಂದ ಶಿಲ್ಪ ಮಾಡಲು ಎರಡು ದಾರಿಗಳಿವೆ: ಚೂರನ್ನು ಹಾಗೇ ಅಂಟಿಸುವುದು, ಇಲ್ಲವೇ ಪುಡಿಮಾಡಿ ಜೇಡಿಮಣ್ಣಿಗೆ ಕಲಸಿ, ರೂಪ ಕೊಟ್ಟು ಸುಡುವುದು.

ಮಕ್ಕಳ ಜತೆ ಮಾಡುವುದಾದರೆ, ಅಂಗಳಕ್ಕೆ ಬೇಕಾದರೆ, ಅಂಟಿಸಿ. ತಂತಿ ಜಾಲರಿಗೆ ಸಿಮೆಂಟ್ ಗಾರೆ ಮೆತ್ತಿ ಚೂರು ಕೂರಿಸಿದರಾಯಿತು. ಟೈಲ್ಸಿನ ಬಣ್ಣ ಮಳೆಗೂ ಮಾಸುವುದಿಲ್ಲ. ಆದರೆ ಭಾರ ವಿಪರೀತ, ಬಾಲ್ಕನಿಗೆ ಬೇಡ.

ರೂಪವನ್ನೇ ಕೈಯಾರೆ ಕಟ್ಟುವ ಆಸೆಯಿದ್ದರೆ ಸುಡುವುದೇ ಸರಿ. ನನ್ನ ಮನಸ್ಸೂ ಅತ್ತಲೇ. ಹೆಂಚು ಕುಟ್ಟಿ (ಮಾಸ್ಕ್ ಹಾಕಿಕೊಳ್ಳಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು), ಜರಡಿ ಹಿಡಿದು, ಜೇಡಿಮಣ್ಣಿಗೆ ಕಾಲು ಪಾಲಿನಷ್ಟು ಕಲಸಿ. ಹೆಂಚು ಆಗಲೇ ಬೆಂದದ್ದು, ಮತ್ತೆ ಕುಗ್ಗದು. ಹಾಗಾಗಿ ಒಣಗುವಾಗ ಬಿರುಕು ಕಡಿಮೆ. ಬೆರಳಿಗೆ ತರಿತರಿಯಾಗಿ ಸಿಗುವ ಆ ಕೆಂಪು ಕಣಗಳು ಸುಟ್ಟ ಮೇಲೂ ಮೈಮೇಲೆ ಕಾಣುತ್ತವೆ, ಬಹಳ ಚೆಂದ. ಹಳೇ ಗೋಣಿಬಟ್ಟೆಯನ್ನು ನೀರುಮಣ್ಣಲ್ಲಿ ಅದ್ದಿ ಸುಟ್ಟರೆ ಬಟ್ಟೆ ಉರಿದುಹೋಗಿ ನೇಯ್ಗೆಯ ಅಚ್ಚು ಉಳಿಯುತ್ತದೆ. ಪ್ಲಾಸ್ಟಿಕ್ ಮಾತ್ರ ಖಂಡಿತ ಬೇಡ, ಹೊಗೆ ವಿಷ. ಸುಣ್ಣ ಅಂಟಿದ ಚೂರೂ ಬೇಡ: ಸುಟ್ಟ ಸುಣ್ಣ ತೇವ ಹೀರಿ ಉಬ್ಬಿ, ಆಮೇಲೆ ಮೈ ಚಕ್ಕೆಯೇಳುತ್ತದೆ.

ಕೆಂಪು ಮಣ್ಣಿಗೆ 900ರಿಂದ 1,000 ಡಿಗ್ರಿ ಸಾಕು. ಪಾಟರಿ ಟೌನ್‌ನ ಕುಂಬಾರರನ್ನು ಕೇಳಿ ನೋಡಿ. ಕೆಲಸ ಪೂರ್ತಿ ಒಣಗಿದ ಮೇಲಷ್ಟೇ ಒಯ್ಯಿರಿ, ಹಸಿ ಇದ್ದರೆ ಭಟ್ಟಿಯಲ್ಲಿ ಸಿಡಿದು ಅವರ ಮಡಕೆಗಳನ್ನೂ ಒಡೆಯುತ್ತದೆ.