ಗಿಟ್‌ಹಬ್ ಜೊತೆ ನಾಲ್ಕು ವರ್ಷ: ಹೊಸ ಇಂಜಿನಿಯರ್‌ಗೆ ಹೆಸರು ತರುತ್ತದಾ?

5ಕ್ಕೆ 4 ನಕ್ಷತ್ರ

ಕೋಡ್ ಇಟ್ಟುಕೊಳ್ಳಲು ಗಿಟ್‌ಹಬ್ ವೆಬ್‌ಸೈಟ್ ಹೇಗಿದೆ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಬೇರೆ ವಿಷಯ. ಕೆಲಸಕ್ಕೆ ಹೊಸದಾಗಿ ಸೇರಿದವರು ಅಲ್ಲಿ ಒಳ್ಳೆಯ ಹೆಸರು ಸಂಪಾದಿಸಬಹುದಾ? ಸಂಪಾದಿಸಬಹುದು. ಆದರೆ ಎಲ್ಲಿ ಅಂತ ಗೊತ್ತಾಗಲು ನನಗೆ ಒಂದು ವರ್ಷ ಬೇಕಾಯಿತು.

ಆ ಮೊದಲ ವರ್ಷ ನನ್ನ ಕಣ್ಣೆಲ್ಲ ಪ್ರೊಫೈಲಿನ ಹಸಿರು ಚೌಕಗಳ ಮೇಲೆ. ದಿನಕ್ಕೊಂದು ಚೌಕ, ಅಲ್ಲಿ ಕೆಲಸ ಮಾಡಿದ ದಿನದ್ದು ಹಸಿರಾಗುತ್ತದೆ. ಒಂದು ದಿನವೂ ಖಾಲಿ ಬಿಡಬಾರದು ಅಂತ ಮಲಗುವ ಮುಂಚೆ ಸುಮ್ನೆ ರೀಡ್‌ಮಿಯಲ್ಲಿ (ಪ್ರಾಜೆಕ್ಟಿನ ಪರಿಚಯದ ಫೈಲ್) ಒಂದು ಸಾಲು ತಿದ್ದಿ ಕಮಿಟ್ ಮಾಡುತ್ತಿದ್ದೆ, ಅಂದರೆ ಬದಲಾವಣೆಯನ್ನು ದಾಖಲಿಸುತ್ತಿದ್ದೆ. ಸತತ ಎಷ್ಟು ದಿನ ಅಂತ ಎಣಿಸಿ ತೋರಿಸುವ ಸ್ಟ್ರೀಕ್ ಅನ್ನು ಗಿಟ್‌ಹಬ್ 2016ರಲ್ಲೇ ತೆಗೆದಿತ್ತು. ನಾನು ನನ್ನಷ್ಟಕ್ಕೆ ಎಣಿಸಿಕೊಳ್ಳುತ್ತಿದ್ದೆ. ಗಿಟ್‌ಹಬ್ ಬಳಸುವ ಗಿಟ್ ಎಂಬ ಸಾಫ್ಟ್‌ವೇರ್‌ನಲ್ಲಿ ಕಮಿಟ್‌ನ ತಾರೀಖನ್ನು ಯಾರು ಬೇಕಾದರೂ ಬೇಕಾದ ಹಾಗೆ ಹಾಕಬಹುದು. ಹಾಗಿರುವಾಗ ಆ ಚೌಕಗಳನ್ನು ನೋಡಿ ಯಾರಾದರೂ ಏನು ತಿಳಿಯಬೇಕು, ಅಲ್ವಾ? ನಿಜವಾದ ಕೆಲಸವೂ ಅಲ್ಲಿ ಕಾಣದೆ ಹೋಗಬಹುದು. ಕಮಿಟ್‌ನಲ್ಲಿರುವ ಇಮೇಲ್ ನಿಮ್ಮ ಖಾತೆಗೆ ಸೇರಿರದಿದ್ದರೆ ಲೆಕ್ಕಕ್ಕೆ ಬರುವುದಿಲ್ಲ. ಹೊಸ ಲ್ಯಾಪ್‌ಟಾಪ್‌ನಲ್ಲಿ ನಾನು ಬೇರೆ ಇಮೇಲ್ ಹಾಕಿಕೊಂಡು ಮೂರು ತಿಂಗಳು ಕೆಲಸ ಮಾಡಿದ್ದೆ. ಅದನ್ನು ಖಾತೆಗೆ ಸೇರಿಸಿದ ಮೇಲೆ ಹಳೆಯವೂ ಕಾಣಿಸಿಕೊಂಡವು.

ನನಗೆ ಹೆಸರು ತಂದದ್ದು ಒಂದು ಪುಲ್ ರಿಕ್ವೆಸ್ಟ್, ಅಂದರೆ ನನ್ನ ಬದಲಾವಣೆಯನ್ನು ನಿಮ್ಮ ಕೋಡಿಗೆ ಸೇರಿಸಿಕೊಳ್ಳಿ ಅಂತ ಕೇಳುವ ಮನವಿ. ಹೊಸಬರಿಗೆ ಸರಿಹೋಗುವ ಕೆಲಸಕ್ಕೆ ಹಾಕುವ 'ಗುಡ್ ಫಸ್ಟ್ ಇಶ್ಯೂ' ಲೇಬಲ್ ನೋಡಿ, ದಿನಾಂಕಗಳ ಲೆಕ್ಕ ಮಾಡುವ ಒಂದು ಲೈಬ್ರರಿಯಲ್ಲಿ (ಬೇರೆ ಪ್ರೋಗ್ರಾಮ್‌ಗಳು ಬಳಸುವ ಸಿದ್ಧ ಕೋಡ್) ಚಿಕ್ಕ ಬಗ್ ಎತ್ತಿಕೊಂಡೆ. ಫೆಬ್ರವರಿ 29ಕ್ಕೆ ಒಂದು ವರ್ಷ ಕೂಡಿಸಿದರೆ ಯಾವ ದಿನ ಬರಬೇಕು? ಫೆಬ್ರವರಿ 28 ಅಥವಾ ಮಾರ್ಚ್ 1? ಕೋಡ್ ನಾಲ್ಕೇ ಸಾಲು. ಲೈಬ್ರರಿ ನೋಡಿಕೊಳ್ಳುವವರ ರಿವ್ಯೂನಲ್ಲಿ ಬಂದದ್ದು 11 ಕಾಮೆಂಟ್. ಟೆಸ್ಟ್ ಎಲ್ಲಿ? ವೇರಿಯಬಲ್‌ಗೆ ಯಾಕೆ ಈ ಹೆಸರು? 28 ಅಂತ ಹೇಗೆ ತೀರ್ಮಾನಿಸಿದಿರಿ? ಸಿಟ್ಟು ಬಂತು. ಖಾರವಾಗಿ ಒಂದು ಉತ್ತರ ಟೈಪ್ ಮಾಡಿದೆ, ಕಳಿಸಲಿಲ್ಲ. ಕಳಿಸದೇ ಇದ್ದದ್ದಕ್ಕೆ ಇವತ್ತಿಗೂ ಸಮಾಧಾನ ಇದೆ. ಅಲ್ಲಿ ಕಾಮೆಂಟ್ ತಿದ್ದಿದರೂ ಹಳೆಯ ಮಾತು ಎಡಿಟ್ ಹಿಸ್ಟರಿಯಲ್ಲಿ ಉಳಿಯುತ್ತದೆ.

ಮಾರನೆಯ ದಿನ ಒಂದೊಂದಕ್ಕೂ ಉತ್ತರ ಬರೆದೆ. ಎರಡು ಕಡೆ ನನ್ನದೇ ತಪ್ಪು ಅಂತ ಒಪ್ಪಿಕೊಂಡೆ. ಏಳನೇ ಕಾಮೆಂಟಿಗೆ ಮಾತ್ರ ಒಪ್ಪಲಿಲ್ಲ, ಯಾಕೆ ಅಂತ ವಿವರಿಸಿದೆ. 28 ಆರಿಸಿದ ಕಾರಣವನ್ನೂ ಪುಲ್ ರಿಕ್ವೆಸ್ಟಿನ ವಿವರಣೆಯಲ್ಲಿ ಸೇರಿಸಿದೆ: ಇಸವಿ ಬದಲಾದರೂ ತಿಂಗಳು ಬದಲಾಗಬಾರದು, ಲೈಬ್ರರಿಯ ಉಳಿದ ಫಂಕ್ಷನ್‌ಗಳೂ ಹಾಗೇ ಮಾಡುತ್ತವೆ. ಮರ್ಜ್ ಆಗಿ ಅವರ ಕೋಡಿಗೆ ಸೇರಲು ಮೂರು ವಾರ ಹಿಡಿಯಿತು.

ಎರಡನೇ ಕೆಲಸದ ಇಂಟರ್‌ವ್ಯೂನಲ್ಲಿ ಆ ಪುಲ್ ರಿಕ್ವೆಸ್ಟನ್ನೇ ತೆರೆದಿಟ್ಟುಕೊಂಡಿದ್ದರು. ಹಸಿರು ಚೌಕಗಳ ಸುದ್ದಿಯೇ ಬರಲಿಲ್ಲ. "ಏಳನೇ ಕಾಮೆಂಟಿಗೆ ನೀವು ಯಾಕೆ ಒಪ್ಪಲಿಲ್ಲ, ಹೇಳಿ" ಅಂದರು. ಅರ್ಧ ಗಂಟೆ ಅದೇ ಮಾತು.

ಪ್ರೊಫೈಲಿನಲ್ಲಿ ಎದ್ದು ಕಾಣುವ ಹಾಗೆ ಆರು ಪ್ರಾಜೆಕ್ಟ್ ಪಿನ್ ಮಾಡಬಹುದು. ಕೋರ್ಸ್ ನೋಡಿ ಮಾಡಿದ ನಾಲ್ಕನ್ನು ತೆಗೆದು ನಾನು ಎರಡೇ ಉಳಿಸಿಕೊಂಡಿದ್ದೇನೆ.

ಒಂದು ನಕ್ಷತ್ರ ಕಮ್ಮಿ ಕೊಟ್ಟದ್ದು ಯಾಕೆಂದರೆ, ಆಫೀಸಿನಲ್ಲಿ ಹೆಸರು ತರುವ ಕೆಲಸ ಅಲ್ಲಿ ಕಾಣುವುದೇ ಇಲ್ಲ. ಖಾಸಗಿ ರೆಪೊಸಿಟರಿಯ (ಹೊರಗಿನವರು ತೆರೆಯಲಾಗದ ಕೋಡ್ ಸಂಗ್ರಹದ) ಕೆಲಸವನ್ನು ತೋರಿಸಿದರೂ ಹೊರಗಿನವರಿಗೆ ಬರೀ ಎಣಿಕೆ ಸಿಗುತ್ತದೆ. ರಾತ್ರಿ ಎರಡಕ್ಕೆ ಎದ್ದು ಸರ್ವರ್ ಸರಿಮಾಡಿದ್ದು, ಆಮೇಲೆ ಯಾರನ್ನೂ ದೂರದೆ ನಡೆದದ್ದನ್ನೆಲ್ಲ ಬರೆದಿಟ್ಟದ್ದು, "ಶುಕ್ರವಾರ ಆಗಲ್ಲ, ಮಂಗಳವಾರ ಕೊಡ್ತೀನಿ" ಅಂತ ಬುಧವಾರವೇ ಹೇಳಿದ್ದು, ಇವು ಯಾವುದೂ ಪ್ರೊಫೈಲಿನಲ್ಲಿಲ್ಲ. ನನ್ನ ಟೀಮಿನವರು ನನ್ನನ್ನು ನಂಬಿದ್ದು ಇವುಗಳಿಂದ.

ಹೋದ ತಿಂಗಳು ಪರಿಚಯವೇ ಇಲ್ಲದ ಒಬ್ಬರು, ಯಾವ ಸಾಲನ್ನು ಯಾರು ಬರೆದರು ಅಂತ ತೋರಿಸುವ ಬ್ಲೇಮ್ ತೆರೆದು, ಆ ನಾಲ್ಕು ಸಾಲಿನ ಪಕ್ಕ ನನ್ನ ಹೆಸರು ನೋಡಿ ಕೇಳಿದರು: ಮಾರ್ಚ್ 1 ಯಾಕೆ ಅಲ್ಲ? ನಾನು ಹೊಸದಾಗಿ ಏನೂ ಬರೆಯಬೇಕಾಗಲಿಲ್ಲ. ಹಳೆಯ ವಿವರಣೆಯ ಲಿಂಕ್ ಕೊಟ್ಟೆ. "ಸರಿ, ಅರ್ಥ ಆಯ್ತು" ಅಂತ ಉತ್ತರ ಬಂತು.